ಕಲರ್‌ಟ್ಯೂನ್: ಉರಿಯ ಬಣ್ಣ ನೋಡಿ ಕಾರ್ಬುರೇಟರ್‌ನ ದೋಷ ಹಿಡಿಯಬಹುದೇ?

ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಇರುವ ಹಳೆಯ ಕಾರನ್ನು ತಾವೇ ಬಿಚ್ಚಿ ಜೋಡಿಸಿಕೊಳ್ಳುವವರ ನಡುವೆ ದಶಕಗಳಿಂದ ಬಳಕೆಯಲ್ಲಿರುವ ಉಪಕರಣವೊಂದಿದೆ. ಗನ್ಸನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಕಲರ್‌ಟ್ಯೂನ್ ನೋಡುವುದಕ್ಕೆ ಸ್ಪಾರ್ಕ್ ಪ್ಲಗ್ಗಿನಂತೆಯೇ ಇದೆ. ಆದರೆ ಸಾಮಾನ್ಯ ಪ್ಲಗ್ಗಿನಲ್ಲಿ ಬಿಳಿಯ ಪಿಂಗಾಣಿ ಇರುವ ಜಾಗದಲ್ಲಿ ಇದಕ್ಕೆ ಶಾಖ ತಡೆಯುವ ಗಾಜು ಇದೆ. ಒಂದು ಸಿಲಿಂಡರ್‌ನ ಪ್ಲಗ್ ಕಳಚಿ ಅಲ್ಲಿ ಇದನ್ನು ಕೂರಿಸಿ ಎಂಜಿನ್ ಓಡಿಸಿದರೆ, ಒಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಯಾವ ಬಣ್ಣದಲ್ಲಿ ಉರಿಯುತ್ತಿದೆ ಎಂಬುದು ಗಾಜಿನ ಮೂಲಕ ಕಾಣುತ್ತದೆ. ಮಿಕ್ಸ್ಚರ್ ಹೊಂದಿಸಿಕೊಳ್ಳುವ ಸಾಧನವೆಂದೇ ಇದು ಪ್ರಸಿದ್ಧ, ಹೆಸರೂ ಅದನ್ನೇ ಹೇಳುತ್ತದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೊಂದಾಣಿಕೆಯ ಸಾಧನವಾಗಿ ಇದು ಸಾಧಾರಣ. ರಿಚ್ ಆಗಿ ಓಡುತ್ತಿರುವ, ಎಂದರೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿರುವ ಎಂಜಿನ್ನಿನ ದೋಷ ಹುಡುಕುವ ಸಾಧನವಾಗಿ ಬಹಳ ಒಳ್ಳೆಯದು. ಇದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲನೆಯ ಕೆಲಸಕ್ಕೆ ಬಳಸಿ, ಎರಡನೆಯದನ್ನು ಮಾಡದೆಯೇ ಪೆಟ್ಟಿಗೆಗೆ ಸೇರಿಸಿಬಿಡುತ್ತಾರೆ ಎಂಬುದು ನನ್ನ ಅನುಮಾನ.

ಪ್ಲಗ್ಗಿನ ಜೊತೆಗೆ ಎಚ್‌ಟಿ ವೈರನ್ನು (ಪ್ಲಗ್ಗಿಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ ತರುವ ತಂತಿ) ಅದಕ್ಕೆ ಜೋಡಿಸುವ ಒಂದು ತುಂಡು, ಮತ್ತು ಬಾಗಿ ಇಣುಕುವ ಕಷ್ಟ ತಪ್ಪಿಸಲು ಕನ್ನಡಿಯಿರುವ ಒಂದು ಕೊಳವೆ ಬರುತ್ತವೆ. ಈ ಕೊಳವೆಯನ್ನು ಆಟಿಕೆಯೆಂದು ತಿಳಿದು ಬದಿಗಿಡಬಾರದು, ಏಕೆಂದರೆ ಹಗಲಿನ ಬೆಳಕಿನಲ್ಲಿ ಹಳದಿ ಉರಿ ಹೇಗೋ ಕಂಡರೂ ನೀಲಿ ಉರಿ ಕಾಣುವುದೇ ಇಲ್ಲ. ಕಾರನ್ನು ನೆರಳಿಗೆ ತಂದು, ಆದರೆ ಮುಚ್ಚಿದ ಕೋಣೆಯೊಳಗೆ ಮಾತ್ರ ಖಂಡಿತ ನಿಲ್ಲಿಸದೆ, ಸಂಜೆಯ ಹೊತ್ತಿಗೆ ಕೆಲಸ ಇಟ್ಟುಕೊಳ್ಳುವುದು ಉತ್ತಮ. ರಿಚ್ ಓಡುವ ಎಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಿಪರೀತವಾಗಿರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಐಡ್ಲಿಂಗ್‌ನಲ್ಲಿ, ಎಂದರೆ ಕಾರು ನಿಂತಿದ್ದು ಆಕ್ಸಿಲರೇಟರ್ ಒತ್ತದಿರುವಾಗ, ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಸಿಲಿಂಡರ್ 400 ಬಾರಿ ಉರಿಯುತ್ತದೆ. ಅಂದರೆ ಗಾಜಿನೊಳಗೆ ಸೆಕೆಂಡಿಗೆ ಆರೇಳು ಮಿಂಚು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮಿಶ್ರಣ ಸರಿಯಿದ್ದರೆ ಉರಿ ಗ್ಯಾಸ್ ಒಲೆಯ ಜ್ವಾಲೆಯಂತೆ ಗಾಢ ನೀಲಿ; ಪೆಟ್ರೋಲ್ ಕಡಿಮೆಯಾದಂತೆ ಆ ನೀಲಿ ಬಿಳಿಚಿಕೊಂಡು ಕೊನೆಗೆ ಎಂಜಿನ್ ತಡವರಿಸುತ್ತದೆ; ಪೆಟ್ರೋಲ್ ಹೆಚ್ಚಾದರೆ ಹಳದಿ, ತೀರಾ ಹೆಚ್ಚಾದರೆ ಕಿತ್ತಳೆ. ಇದರಲ್ಲಿ ಯಾವ ಗುಟ್ಟೂ ಇಲ್ಲ. ಒಂದು ಪಾಲು ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಸಾಲದೆ ಹೋದಾಗ ಇಂಧನದ ಇಂಗಾಲ ಪೂರ್ತಿ ಸುಡದೆ ಸೂಕ್ಷ್ಮ ಕಣಗಳಾಗಿ ಉಳಿದು, ಶಾಖಕ್ಕೆ ಕಾದು ಹಳದಿಯಾಗಿ ಹೊಳೆಯುತ್ತದೆ. ಅದೇ ಕಣಗಳು ಪ್ಲಗ್ಗಿನ ತುದಿಯಲ್ಲಿ ಒಣ ಮಸಿಯಾಗಿ ಕೂರುತ್ತವೆ, ಸೈಲೆನ್ಸರ್‌ನಿಂದ ಕಪ್ಪು ಹೊಗೆಯಾಗಿ ಹೊರಬರುತ್ತವೆ. ಪ್ಲಗ್ ಕಳಚಿ ಮಸಿ ನೋಡುವುದು ನಡೆದು ಹೋದುದನ್ನು ನೋಡಿದಂತೆ, ಅದು ಯಾವ ವೇಗದಲ್ಲಿ, ಯಾವ ಹೊತ್ತಿನಲ್ಲಿ ಕೂತ ಮಸಿ ಎಂದು ತಿಳಿಯುವುದಿಲ್ಲ. ಈ ಗಾಜು ಆಗುತ್ತಿರುವುದನ್ನು ಆಗುತ್ತಿರುವಾಗಲೇ ತೋರಿಸುತ್ತದೆ. ಇದರ ಮುಖ್ಯ ಬೆಲೆ ಇರುವುದು ಇಲ್ಲಿಯೇ.

ಆದರೆ ಗಾಜನ್ನು ಕೂರಿಸುವ ಮೊದಲು ಮುಗಿಸಬೇಕಾದ ಕೆಲಸಗಳಿವೆ, ಅವನ್ನು ಬಿಟ್ಟು ನೇರವಾಗಿ ಉರಿ ನೋಡಲು ಹೋದರೆ ಉಪಕರಣವನ್ನು ದೂರಿ ಪ್ರಯೋಜನವಿಲ್ಲ. ಏರ್ ಫಿಲ್ಟರ್ ಧೂಳು ತುಂಬಿ ಕಟ್ಟಿಕೊಂಡಿದ್ದರೆ ಕಾರ್ಬುರೇಟರ್ ನಿರ್ದೋಷಿಯಾಗಿದ್ದರೂ ಮಿಶ್ರಣ ರಿಚ್ ಆಗುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲೆಂದು ಗಾಳಿಯ ದಾರಿ ಮುಚ್ಚಿ ಮಿಶ್ರಣವನ್ನು ರಿಚ್ ಮಾಡುವ ಚೋಕ್ ಅಂತೂ ಮೊದಲ ಆರೋಪಿ. ಕೈಯಿಂದ ಎಳೆಯುವ ಚೋಕ್ ಆದರೆ, ಗುಂಡಿಯನ್ನು ಪೂರ್ತಿ ಒಳಕ್ಕೆ ತಳ್ಳಿದಾಗಲೂ ಕೇಬಲ್‌ನಲ್ಲಿ ಸ್ವಲ್ಪ ಸಡಿಲ ಉಳಿಯದಿದ್ದರೆ ಅದರ ಫಲಕ ಪೂರ್ತಿ ತೆರೆಯುವುದಿಲ್ಲ. ತಾನಾಗಿ ತೆರೆಯುವ ಚೋಕ್ ಆದರೆ ಅದರ ಬೈಮೆಟಲ್ ಸುರುಳಿಗೆ ಶಾಖವೋ ವಿದ್ಯುತ್ತೋ ತಲುಪುತ್ತಿಲ್ಲದಿರಬಹುದು. ಎಂಜಿನ್ ಬಿಸಿಯಾದ ಮೇಲೆ ಏರ್ ಫಿಲ್ಟರ್ ಡಬ್ಬಿ ತೆಗೆದು, ಚೋಕ್ ಫಲಕ ನೆಟ್ಟಗೆ ನಿಂತಿದೆಯೇ ಎಂದು ಕಣ್ಣಾರೆ ನೋಡುವುದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡು ಎಂಜಿನ್ ಬಿಸಿಯೇ ಏರದಿದ್ದರೂ, ಅದರ ನೀರಿನ ಶಾಖವನ್ನು ನಂಬಿದ ಚೋಕ್ ಅರ್ಧ ಮುಚ್ಚಿಯೇ ಇರುತ್ತದೆ. ಇಗ್ನಿಷನ್ ಟೈಮಿಂಗ್, ಪಾಯಿಂಟ್ ಗ್ಯಾಪ್, ಟ್ಯಾಪೆಟ್ ಇವೆಲ್ಲ ತಯಾರಕರು ಹೇಳಿದ ಅಳತೆಯಲ್ಲಿರಬೇಕು. ಇಷ್ಟಾದ ಮೇಲೂ ಪೆಟ್ರೋಲ್ ವಾಸನೆ, ಕಪ್ಪು ಹೊಗೆ, ಕುಂಟುವ ಐಡ್ಲಿಂಗ್ ಉಳಿದಿದ್ದರೆ ಮಾತ್ರ ಗಾಜಿನ ಪ್ಲಗ್ಗಿನ ಸರದಿ.

ನಾನು ಇದನ್ನು ಬಳಸಿದ್ದು ನಾಲ್ಕು ಸಿಲಿಂಡರ್‌ನ, ಒಂದೇ ಬ್ಯಾರೆಲ್ ಇರುವ ಡೌನ್‌ಡ್ರಾಫ್ಟ್ ಕಾರ್ಬುರೇಟರ್ ಹೊತ್ತ ಹಳೆಯ ಕಾರಿನ ಮೇಲೆ. ಲಕ್ಷಣಗಳು ಪಾಠದಲ್ಲಿ ಬರೆದಂತೆಯೇ ಇದ್ದವು: ತಣ್ಣಗಿದ್ದಾಗ ಚೋಕ್ ಎಳೆಯದೆಯೇ ಸ್ಟಾರ್ಟ್ ಆಗುತ್ತಿತ್ತು, ಬಿಸಿಯಾಗಿ ನಿಲ್ಲಿಸಿ ಕೆಲವು ನಿಮಿಷ ಬಿಟ್ಟರೆ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿಯದೆ ಸ್ಟಾರ್ಟ್ ಆಗುತ್ತಿರಲಿಲ್ಲ, ಐಡ್ಲಿಂಗ್ ಏರುತ್ತ ಇಳಿಯುತ್ತ ಇತ್ತು, ನಾಲ್ಕೂ ಪ್ಲಗ್ಗುಗಳ ಮೇಲೆ ಒಣ ಕಪ್ಪು ಮಸಿ, ಆಯಿಲ್ ಕಡ್ಡಿಯನ್ನು ಎಳೆದು ಮೂಸಿದರೆ ಪೆಟ್ರೋಲ್ ವಾಸನೆ. ಗಾಜು ಕೂರಿಸಿದಾಗ ನಾಲ್ಕೂ ಸಿಲಿಂಡರ್‌ಗಳಲ್ಲಿ ಒಂದೇ ಬಗೆಯ ಹಳದಿ ಕಂಡಿತು. ಇದೇ ದೊಡ್ಡ ಸುಳಿವು: ನಾಲ್ಕಕ್ಕೂ ಸಮನಾಗಿ ಬಂದ ದೋಷ ನಾಲ್ಕಕ್ಕೂ ಸಾಮಾನ್ಯವಾದ ಜಾಗದಲ್ಲಿ ಇರಬೇಕು, ಎಂದರೆ ಕಾರ್ಬುರೇಟರ್ ಅಥವಾ ಅದಕ್ಕೂ ಮೊದಲಿನ ಪೆಟ್ರೋಲ್ ದಾರಿ. ಮುಂದಿನ ಹೆಜ್ಜೆ ಐಡಲ್ ಮಿಕ್ಸ್ಚರ್ ಸ್ಕ್ರೂ. ಪೆಟ್ರೋಲನ್ನು ನಿಯಂತ್ರಿಸುವ ಸ್ಕ್ರೂ ಇರುವ ಕಾರ್ಬುರೇಟರ್‌ನಲ್ಲಿ ಅದನ್ನು ಒಳಕ್ಕೆ ತಿರುಗಿಸುತ್ತ ಹೋದರೆ ಉರಿ ಹಳದಿಯಿಂದ ನೀಲಿಗೆ, ನೀಲಿಯಿಂದ ಬಿಳಿಚಿದ ನೀಲಿಗೆ ಬಂದು ಕೊನೆಗೆ ಎಂಜಿನ್ ನಿಲ್ಲಬೇಕು. ಇಲ್ಲಿ ಸ್ಕ್ರೂ ತನ್ನ ಸೀಟಿಗೆ ಮೃದುವಾಗಿ ಮುಟ್ಟಿದ ಮೇಲೂ ಉರಿ ಹಳದಿಯಾಗಿಯೇ ಇತ್ತು, ಎಂಜಿನ್ ನಿಲ್ಲಲಿಲ್ಲ. ಅಂದಮೇಲೆ ಐಡ್ಲಿಂಗ್‌ಗೆ ಪೆಟ್ರೋಲ್ ಬರುತ್ತಿರುವುದು ಐಡಲ್ ದಾರಿಯಿಂದಲ್ಲ. ಬರೀ ಹೊಂದಾಣಿಕೆಗೆಂದು ಉಪಕರಣ ತಂದವರು ಇಲ್ಲಿ ಸ್ಕ್ರೂ ತಿರುಗಿಸುತ್ತ ತಿರುಗಿಸುತ್ತ ಬೇಸತ್ತು ಬಿಡುತ್ತಾರೆ. ದೋಷ ಹುಡುಕುವವರಿಗೆ ಮಾತ್ರ ಅರ್ಧ ಉತ್ತರ ಸಿಕ್ಕಿದಂತೆಯೇ.

ಉಳಿದ ಅರ್ಧಕ್ಕೆ ಗಾಜಿನ ಜೊತೆಗೆ ಒಂದು ಹಳೆಯ ಉಪಾಯವನ್ನು ಸೇರಿಸಬೇಕಾಯಿತು. ಪಂಪಿನಿಂದ ಕಾರ್ಬುರೇಟರ್‌ಗೆ ಬರುವ ರಬ್ಬರ್ ಪೈಪನ್ನು, ಗೀರು ಬೀಳದಂತೆ ದುಂಡು ಬಾಯಿಯ ಕ್ಲ್ಯಾಂಪಿನಿಂದ ಒತ್ತಿ ಹಿಡಿದು ಎಂಜಿನ್ನನ್ನು ಐಡ್ಲಿಂಗ್‌ನಲ್ಲೇ ಬಿಟ್ಟೆ. ಕಾರ್ಬುರೇಟರ್ ತನ್ನೊಳಗೆ ಪೆಟ್ರೋಲ್ ಇಟ್ಟುಕೊಳ್ಳುವ ಫ್ಲೋಟ್ ಚೇಂಬರ್‌ನಲ್ಲಿ ಮಟ್ಟ ನಿಧಾನವಾಗಿ ಇಳಿದಂತೆ ಗಾಜಿನೊಳಗೆ ನಡೆದದ್ದು ನೋಡುವಂತಿತ್ತು. ಮೊದಲು ಕಿತ್ತಳೆಯ ಅಂಚು ಕರಗಿತು, ಆಮೇಲೆ ಹಳದಿಯ ನಡುವೆ ಒಂದೊಂದು ನೀಲಿ ಮಿಂಚು ಬೆರೆತು ಬಂತು, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ನೀಲಿಯಾಗಿ ಎಂಜಿನ್ ದನಿಯೇ ಬದಲಾಗಿ ಮೆತ್ತಗಾಯಿತು, ನಂತರ ಉರಿ ಬಿಳಿಚಿ ಎಂಜಿನ್ ನಿಂತುಹೋಯಿತು. ಮಟ್ಟ ಇಳಿದಾಗ ಎಂಜಿನ್ ಸುಧಾರಿಸುತ್ತದೆ ಎಂದರೆ ಮೊದಲಿದ್ದ ಮಟ್ಟವೇ ಹೆಚ್ಚು ಎಂದರ್ಥ. ಕ್ಲ್ಯಾಂಪ್ ತೆಗೆದು, ಏರ್ ಫಿಲ್ಟರ್ ಇಲ್ಲದ ಕಾರ್ಬುರೇಟರ್ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ, ಐಡ್ಲಿಂಗ್‌ನಲ್ಲಿ ಒಣಗಿರಬೇಕಾದ ಮೇನ್ ನಾಝಲ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಐಡ್ಲಿಂಗ್‌ನಲ್ಲಿ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಫಲಕ) ಬಹುತೇಕ ಮುಚ್ಚಿರುವುದರಿಂದ ವೆಂಚುರಿ ಎಂಬ ಕಿರಿದಾದ ಕೊರಳಿನಲ್ಲಿ ಹಾದುಹೋಗುವ ಗಾಳಿಗೆ ಅಲ್ಲಿಂದ ಪೆಟ್ರೋಲ್ ಎಳೆಯುವಷ್ಟು ಬಲವಿರುವುದಿಲ್ಲ. ತೊಟ್ಟಿಕ್ಕುತ್ತಿದೆ ಎಂದರೆ ಫ್ಲೋಟ್ ಚೇಂಬರ್‌ನ ಮಟ್ಟ ನಾಝಲ್‌ನ ತುದಿಯನ್ನು ಮೀರಿದೆ.

ಮಟ್ಟ ಮೀರುವುದಕ್ಕೆ ಕಾರಣಗಳು ಬೆರಳೆಣಿಕೆಯಷ್ಟು. ಫ್ಲೋಟ್ ಮೇಲೇರಿದಾಗ ಪೆಟ್ರೋಲ್ ಒಳಬರುವ ದಾರಿಯನ್ನು ಮುಚ್ಚುವ ನೀಡಲ್ ವಾಲ್ವ್ ಸವೆದಿರಬಹುದು ಅಥವಾ ಅದರ ಸೀಟಿನಲ್ಲಿ ಕಸ ಸಿಕ್ಕಿರಬಹುದು. ಹಿತ್ತಾಳೆಯ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ತುಂಬಿ ಮುಳುಗಿರಬಹುದು. ಫ್ಲೋಟ್‌ನ ನಾಲಗೆ ಬಾಗಿ ಎತ್ತರ ತಪ್ಪಿರಬಹುದು. ಇಲ್ಲವೇ ಪಂಪಿನ ಒತ್ತಡವೇ ನೀಡಲನ್ನು ತಳ್ಳಿ ತೆರೆಯುವಷ್ಟು ಹೆಚ್ಚಿರಬಹುದು. ಹಳೆಯ ಪಂಪಿನ ಬದಲು ಹೊಸದಾಗಿ ಎಲೆಕ್ಟ್ರಿಕ್ ಪಂಪ್ ಹಾಕಿಸಿದ ಕಾರುಗಳಲ್ಲಿ ಈ ಕೊನೆಯದನ್ನೇ ಮೊದಲು ನೋಡುವುದು ಲೇಸು. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಪೆಟ್ರೋಲ್ ಸದ್ದು ಮಾಡುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿರುವ ಜಾಗದಿಂದ ಗುಳ್ಳೆ ಏಳುತ್ತದೆ. ನನ್ನ ಫ್ಲೋಟ್ ಸರಿಯಾಗಿತ್ತು. ನೀಡಲನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಅದರ ಮೊನೆಯ ಸುತ್ತ, ಸೀಟಿಗೆ ತಾಗುವ ಕಡೆ, ಉಗುರಿಗೆ ಸಿಗುವಂಥ ಸಣ್ಣ ಉಂಗುರದ ಗೀರು ಕಂಡಿತು. ನೀಡಲ್ ಮತ್ತು ಸೀಟನ್ನು ಜೋಡಿಯಾಗಿಯೇ ಬದಲಿಸಿ, ಫ್ಲೋಟ್ ಎತ್ತರವನ್ನು ಆ ಕಾರ್ಬುರೇಟರ್‌ನ ಕೈಪಿಡಿಯ ಅಳತೆಗೆ ತಂದ ಮೇಲೆ, ಮಿಕ್ಸ್ಚರ್ ಸ್ಕ್ರೂ ತನ್ನ ಅಧಿಕಾರ ಮರಳಿ ಪಡೆಯಿತು: ಒಳಕ್ಕೆ ತಿರುಗಿಸಿದರೆ ಎಂಜಿನ್ ನಿಲ್ಲುತ್ತಿತ್ತು, ಹೊರಕ್ಕೆ ತಿರುಗಿಸಿದರೆ ಹಳದಿ ಬರುತ್ತಿತ್ತು, ನಡುವೆ ನೀಲಿಗೆ ಸ್ಪಷ್ಟವಾದ ಜಾಗವಿತ್ತು. ಪೆಟ್ರೋಲ್ ಬೆರೆತು ತೆಳ್ಳಗಾಗಿದ್ದ ಆಯಿಲನ್ನೂ ಜೊತೆಯಲ್ಲೇ ಬದಲಿಸಿದೆ. ರಿಚ್ ಓಡಿದ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆಯ ಆಯಿಲ್ ಪೊರೆ ತೊಳೆದುಹೋಗುವುದರಿಂದ ಇದನ್ನು ಮುಂದೂಡುವುದು ಸರಿಯಲ್ಲ.

ಪೈಪ್ ಒತ್ತಿ ಹಿಡಿಯುವ ಪರೀಕ್ಷೆಗೆ ಗಾಜಿನ ಪ್ಲಗ್ ಬೇಕೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಅನುಭವಿ ಮೆಕ್ಯಾನಿಕ್ ಎಂಜಿನ್ ದನಿಯಲ್ಲೇ ಆ ಬದಲಾವಣೆಯನ್ನು ಹಿಡಿಯುತ್ತಾರೆ. ಒಳಗೆ ಏರಿಳಿಯುವ ಪಿಸ್ಟನ್ ಇರುವ ಎಸ್‌ಯು ಎಂಬ ಬಗೆಯ ಕಾರ್ಬುರೇಟರ್ ಇರುವವರಿಗಂತೂ ಉಪಕರಣವೇ ಬೇಡದ ಪರೀಕ್ಷೆಯೊಂದಿದೆ: ಅದರ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ಗೂ ಕಡಿಮೆ ಎತ್ತಿದಾಗ ಎಂಜಿನ್ ವೇಗ ಏರಿ ಏರಿದಲ್ಲೇ ನಿಂತರೆ ಮಿಶ್ರಣ ರಿಚ್, ಕ್ಷಣ ಏರಿ ಮತ್ತೆ ನೆಲೆಗೆ ಬಂದರೆ ಸರಿ, ಕೂಡಲೇ ಇಳಿದರೆ ಲೀನ್, ಎಂದರೆ ಪೆಟ್ರೋಲ್ ಕಡಿಮೆ. ಗಾಜು ಕೊಡುವುದು ದೃಢೀಕರಣವನ್ನು, ಮತ್ತು ಕಿವಿ ಇನ್ನೂ ಪಳಗದವರಿಗೆ ಒಂದು ಆಧಾರವನ್ನು. ದನಿ ಮತ್ತು ಬಣ್ಣ ಎರಡನ್ನೂ ಜೊತೆಯಾಗಿ ಗಮನಿಸುತ್ತ ಹೋದವರಿಗೆ ಕ್ರಮೇಣ ದನಿಯೊಂದೇ ಸಾಕಾಗುತ್ತದೆ.

ಕಿವಿಗೆ ಸುಲಭವಾಗಿ ಸಿಗದ ಸಂಗತಿಗಳನ್ನೂ ಇದು ತೋರಿಸುತ್ತದೆ ಎಂಬ ಕಾರಣಕ್ಕೆ ನಾನು ಇದಕ್ಕೆ ಹೆಚ್ಚು ಅಂಕ ಕೊಡುತ್ತೇನೆ. ಒಂದು ಸಿಲಿಂಡರ್ ಬಿಳಿಚಿದ ನೀಲಿ, ಉಳಿದ ಮೂರು ಹಳದಿ ಎಂದುಕೊಳ್ಳೋಣ. ಆ ಒಂದು ಸಿಲಿಂಡರ್‌ನ ಬಳಿ ಮ್ಯಾನಿಫೋಲ್ಡ್‌ನ (ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆ) ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ನುಗ್ಗುತ್ತಿದೆ. ಅದರ ಕುಂಟುವಿಕೆಯನ್ನು ಮುಚ್ಚಲು ಹಿಂದೆ ಯಾರೋ ಒಟ್ಟು ಮಿಶ್ರಣವನ್ನೇ ರಿಚ್ ಮಾಡಿದ್ದಾರೆ. ಇಂಥ ಎಂಜಿನ್ನಿನಲ್ಲಿ ಕಾರ್ಬುರೇಟರ್ ಬಿಚ್ಚಿದರೆ ಸಿಗುವುದು ಏನೂ ಇಲ್ಲ. ಐಡ್ಲಿಂಗ್‌ನಲ್ಲಿ ನೀಲಿ ಇದ್ದು, 2,500 ಸುತ್ತಿಗೆ ಏರಿಸಿ ಹಿಡಿದಾಗ ಮಾತ್ರ ಹಳದಿ ಬಂದರೆ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡು) ಮತ್ತು ಅದರ ಗಾಳಿಯ ದಾರಿಯ ಮೇಲೆ ಕಣ್ಣಿಡಬೇಕು: ಏರ್ ಕರೆಕ್ಟರ್ ಜೆಟ್ ಕಟ್ಟಿಕೊಂಡರೂ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಹಿಂದೆ ಯಾರಾದರೂ ತಂತಿ ತೂರಿಸಿ ಶುಚಿ ಮಾಡುವ ಹೆಸರಿನಲ್ಲಿ ಮೇನ್ ಜೆಟ್ಟಿನ ರಂಧ್ರವನ್ನು ದೊಡ್ಡದು ಮಾಡಿದ್ದರೂ ಹೆಚ್ಚುತ್ತದೆ. ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಬಿಟ್ಟಾಗ ಕ್ಷಣಕಾಲ ಹಳದಿ ಮಿಂಚುವುದು ಸಹಜ, ಅದು ಆಕ್ಸಿಲರೇಟರ್ ಪಂಪ್ ಚಿಮ್ಮಿಸಿದ ಪೆಟ್ರೋಲ್. ಬಿಟ್ಟ ಮೇಲೂ ಹಳದಿ ಹೋಗದಿದ್ದರೆ ಪಂಪಿನ ನಾಝಲ್ ಸೋರುತ್ತಿರಬಹುದು. ಹಾಲಿ (Holley) ಎಂಬ ಕಂಪನಿಯ ಮಾದರಿಯ, ಹೆಚ್ಚು ಬಲ ಬೇಕಾದಾಗ ಹೆಚ್ಚುವರಿ ಪೆಟ್ರೋಲ್ ಬಿಡುವ ಪವರ್ ವಾಲ್ವ್ ಇರುವ ಕಾರ್ಬುರೇಟರ್‌ಗಳಲ್ಲಿ ಎಂಜಿನ್ ಹಿಮ್ಮುಖವಾಗಿ ಸಿಡಿದಾಗ ಆ ವಾಲ್ವಿನ ಡಯಾಫ್ರಂ ಹರಿದು, ಐಡ್ಲಿಂಗ್‌ನಲ್ಲೇ ಪೆಟ್ರೋಲ್ ಒಳಕ್ಕೆ ಸೋರುವುದುಂಟು. ಅಲ್ಲಿಯೂ ಸ್ಕ್ರೂ ಮುಚ್ಚಿದರೆ ಹಳದಿ ಹೋಗುವುದಿಲ್ಲ, ಆದರೆ ಮೇನ್ ನಾಝಲ್ ಒಣಗಿಯೇ ಇರುತ್ತದೆ.

ಇಗ್ನಿಷನ್ ದೋಷವನ್ನು ರಿಚ್ ಎಂದು ತಪ್ಪಾಗಿ ತಿಳಿಯುವುದು ಬಹಳ ಸಾಮಾನ್ಯ. ಸ್ಪಾರ್ಕ್ ದುರ್ಬಲವಾಗಿದ್ದರೆ ಉರಿಯದ ಪೆಟ್ರೋಲ್ ಹೊರಬಂದು ವಾಸನೆ ಹೊಡೆಯುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಎಂಜಿನ್ ಕುಂಟುತ್ತದೆ. ಕಾರ್ಬುರೇಟರ್‌ನದು ಇದರಲ್ಲಿ ಏನೂ ಇರುವುದಿಲ್ಲ. ಗಾಜಿನಲ್ಲಿ ಇವೆರಡೂ ಬೇರೆ ಬೇರೆಯಾಗಿಯೇ ಕಾಣುತ್ತವೆ: ರಿಚ್ ಆದರೆ ಪ್ರತಿ ಮಿಂಚೂ ಹಳದಿ, ಸ್ಪಾರ್ಕ್ ತಪ್ಪುತ್ತಿದ್ದರೆ ನೀಲಿ ಮಿಂಚುಗಳ ಸಾಲಿನಲ್ಲಿ ನಡುನಡುವೆ ಕತ್ತಲೆ. ಆದರೆ ಪರೀಕ್ಷೆಗಾಗಿ ಆ ಸಿಲಿಂಡರ್‌ನ ಪ್ಲಗ್ಗನ್ನೇ ತೆಗೆದಿರುವುದರಿಂದ, ದೋಷ ಆ ಪ್ಲಗ್ಗಿನಲ್ಲೇ ಇದ್ದಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ.

ಕೊರತೆಗಳು ಕಡಿಮೆಯಿಲ್ಲ. ಮೊದಲನೆಯದು ಮತ್ತು ದೊಡ್ಡದು, ಇದನ್ನು ಹಾಕಿಕೊಂಡು ಕಾರನ್ನು ಓಡಿಸುವಂತಿಲ್ಲ. ಏರುದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಿಶ್ರಣ ಹೇಗಿದೆ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ, ಅಲ್ಲಿ ಮಿಶ್ರಣ, ಒಂದು ಪಾಲು ಪೆಟ್ರೋಲ್‌ಗೆ 12.5 ರಿಂದ 13 ಪಾಲು ಗಾಳಿಯ ಆಸುಪಾಸಿನಲ್ಲಿ, ರಿಚ್ ಆಗಿಯೇ ಇರಬೇಕು ಎಂಬುದು ಬೇರೆ ಮಾತು. ಎರಡನೆಯದಾಗಿ, ತುಂಬಾ ರಿಚ್ ಇರುವ ಎಂಜಿನ್ನಿನಲ್ಲಿ ಗಾಜಿಗೇ ಮಸಿ ಮೆತ್ತಿಕೊಂಡು ಏನೂ ಕಾಣದಂತಾಗುತ್ತದೆ. ಉಪಕರಣ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಅದು ಕುರುಡಾಗುವುದು ಒಂದು ವಿಪರ್ಯಾಸ. ತೆಗೆದು, ತಣಿಸಿ, ಮೃದುವಾದ ಬ್ರಷ್ಷಿನಿಂದ ಒರೆಸಿ ಮತ್ತೆ ಕೂರಿಸುವ ತಾಳ್ಮೆ ಬೇಕು. ಮೂರನೆಯದಾಗಿ, ಬಣ್ಣ ಅಂಕಿಯಲ್ಲ. ಹಳದಿ ಮತ್ತು ನೀಲಿಯ ನಡುವಿನ ಗಡಿಯನ್ನು ಇಬ್ಬರು ಇಬ್ಬಗೆಯಾಗಿ ಹೇಳಬಹುದು, ಬಣ್ಣ ಗುರುತಿಸುವ ತೊಂದರೆ ಇರುವವರಿಗೆ ಇದು ಒಪ್ಪುವುದಿಲ್ಲ. ಆಯಿಲ್ ಸುಡುವ ಸವೆದ ಎಂಜಿನ್ನಿನಲ್ಲಿ ಉರಿಗೆ ಕಿತ್ತಳೆ ಛಾಯೆ ಸೇರಿಕೊಂಡು ಓದು ಕಷ್ಟವಾಗುತ್ತದೆ. ಸೈಲೆನ್ಸರ್ ಹೊಗೆ ನೀಲಿಬಣ್ಣದ್ದಾಗಿದ್ದರೆ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಸೂಕ್ತ.

ಎಥನಾಲ್ ಬೆರೆತ ಪೆಟ್ರೋಲ್ ಬಳಸುವವರು ಇನ್ನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಶೇಕಡಾ 10 ಬೆರೆತ ಪೆಟ್ರೋಲ್‌ಗೆ ಬೇಕಾಗುವ ಗಾಳಿ ಸುಮಾರು 14.1 ಪಾಲಿಗೆ ಇಳಿಯುತ್ತದೆ, ಅದೇ ಜೆಟ್ಟಿನಲ್ಲಿ ಎಂಜಿನ್ ಸ್ವಲ್ಪ ಲೀನ್ ಕಡೆಗೆ ಸರಿಯುತ್ತದೆ. ಹಾಗಾಗಿ ಇಂಥ ಪೆಟ್ರೋಲಿನಲ್ಲಿಯೂ ಗಾಢ ಹಳದಿ ಕಾಣುತ್ತಿದ್ದರೆ ದೋಷ ಸಣ್ಣದಲ್ಲ.

ಅಂಕಿ ಬೇಕೆನ್ನುವವರಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಮೀಟರ್ ಇದೆ. ಓಡುವಾಗಲೂ ಗಾಳಿ ಮತ್ತು ಪೆಟ್ರೋಲಿನ ಅನುಪಾತ ತೋರಿಸುವ ಅದರ ಮುಂದೆ ಈ ಗಾಜಿನ ಪ್ಲಗ್ ಹಳೆಯ ಕಾಲದ್ದೆನಿಸುವುದು ನಿಜ, ಜೆಟ್ ಬದಲಿಸಿ ಬದಲಿಸಿ ನೋಡುವ ಕೆಲಸಕ್ಕೆ ನಾನೂ ಅದನ್ನೇ ಆರಿಸುತ್ತೇನೆ. ಆದರೆ ಅದಕ್ಕೆ ಎಕ್ಸಾಸ್ಟ್ ಪೈಪಿನಲ್ಲಿ ತೂತು ಕೊರೆದು ಬುಷ್ ವೆಲ್ಡ್ ಮಾಡಿಸಬೇಕು, ನಾಲ್ಕು ಸಿಲಿಂಡರ್‌ಗಳ ಹೊಗೆ ಬೆರೆತ ಮೇಲಿನ ಸರಾಸರಿಯನ್ನಷ್ಟೇ ಅದು ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಅಲ್ಲಿ ಬಳಕೆಯಾಗದೆ ಉಳಿದ ಆಮ್ಲಜನಕವನ್ನು ಕಂಡು ಮೀಟರ್ ಲೀನ್ ಎಂದು ತೋರಿಸುತ್ತದೆ. ರಿಚ್ ಆಗಿ, ಮಸಿ ಹಿಡಿದು, ಅದರಿಂದಲೇ ಮಿಸ್‌ಫೈರ್ ಆಗುತ್ತಿರುವ ಎಂಜಿನ್ನಿಗೆ ಮೀಟರ್ ನಂಬಿ ಇನ್ನಷ್ಟು ಪೆಟ್ರೋಲ್ ಕೊಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎಕ್ಸಾಸ್ಟ್ ಜಾಯಿಂಟ್ ಸೋರಿ ಹೊರಗಾಳಿ ಸೇರಿದರೂ ಇದೇ ಕಥೆ. ಐಡ್ಲಿಂಗ್‌ನ ದೋಷ ಹುಡುಕುವಾಗ ಒಂದೊಂದು ಸಿಲಿಂಡರನ್ನು ಬೇರೆ ಬೇರೆಯಾಗಿ ತೋರಿಸುವ ಗಾಜೇ ನನಗೆ ಹೆಚ್ಚು ನಂಬಿಕೆಗೆ ಅರ್ಹ.

ಕೊಳ್ಳುವ ಮೊದಲು ನಿಮ್ಮ ಎಂಜಿನ್ನಿನ ಪ್ಲಗ್ ಥ್ರೆಡ್ ಅಳತೆ ಖಚಿತ ಮಾಡಿಕೊಳ್ಳಿ. ಸಾಮಾನ್ಯವಾಗಿ ಸಿಗುವುದು 14 ಮಿಲಿಮೀಟರ್‌ನದು; 10, 12, 18 ಮಿಲಿಮೀಟರ್ ಪ್ಲಗ್ ಇರುವ ಎಂಜಿನ್ನುಗಳಿಗೆ ತಕ್ಕ ಅಳತೆಯದನ್ನೇ ಕೇಳಿ ಪಡೆಯಬೇಕು. ಪ್ಲಗ್ ಆಳವಾದ ಬಾವಿಯಲ್ಲಿ ಕೂತಿರುವ ಹೆಡ್ ಆದರೆ ಕನ್ನಡಿಯ ಕೊಳವೆ ಇದ್ದರೂ ಉರಿ ಕಾಣುವುದು ಕಷ್ಟ, ಅಂಥವರು ಯೋಚಿಸಿ ಕೊಳ್ಳುವುದು ಒಳ್ಳೆಯದು. ಅಲ್ಯುಮಿನಿಯಂ ಹೆಡ್ ಬಿಸಿಯಿರುವಾಗ ಥ್ರೆಡ್ ಮೃದುವಾಗಿರುವುದರಿಂದ ಗಾಜಿನ ಪ್ಲಗ್ಗನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಕೊನೆಯಲ್ಲಿ ವಾಷರ್ ಕಚ್ಚುವಷ್ಟು ಮಾತ್ರ ಬಿಗಿ ಮಾಡಬೇಕು. ಬಿಚ್ಚುವಾಗ ದಪ್ಪ ಬಟ್ಟೆಯಿಂದ ಹಿಡಿಯಿರಿ. ಗಾಜು ತಣಿಯಲು ಲೋಹಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಬಿಸಿಯಿರುವಾಗ ಒದ್ದೆ ನೆಲದ ಮೇಲೆ ಇಟ್ಟರೆ ಸೀಳುವ ಸಂಭವವಿದೆ.